ಟಾನಿಕ್ ಬಾಟಲಿಯಿಂದ ಲಿವರ್ ಉಳಿಯದು

ಕ್ಷಯದ ಗುಳಿಗೆ ಶುರುವಾದ ಮನೆಗೆ ಬೆನ್ನಿಗೇ ಟಾನಿಕ್ ಬಾಟಲಿ, ಬಿ-ಕಾಂಪ್ಲೆಕ್ಸ್ ಪಟ್ಟಿಯೂ ಬರುತ್ತವೆ. ‘ಟಿಬಿ ಗುಳಿಗಿ ಭಾಳ ಹೀಟು, ಲಿವರಿಗೆ ಏನಾರ ತಗೋರಿ’ ಎಂಬ ಸಲಹೆಗೆ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳೂ ಹೊರತಲ್ಲ. ಭಯ ನಿಜ. ಮದ್ದು ತಪ್ಪು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು, 1997ರಿಂದ 2008ರವರೆಗೆ ಔಷಧದಿಂದಲೇ ಯಕೃತ್ತು ಕೆಟ್ಟು ಬಂದ 313 ರೋಗಿಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ಶೇ 58ರಷ್ಟು ಪ್ರಕರಣಗಳಿಗೆ ಕ್ಷಯದ ಔಷಧಗಳೇ ಕಾರಣವಾಗಿದ್ದವು. ಒಟ್ಟು ರೋಗಿಗಳಲ್ಲಿ ಶೇ 17.3ರಷ್ಟು ಮಂದಿ ಬದುಕಲಿಲ್ಲ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರಕ್ಕೂ ಯಕೃತ್ತನ್ನು ಕೆಡಿಸುವ ಶಕ್ತಿಯಿದೆ.

ವಿಟಮಿನ್ ಮೇಲಿನ ನಂಬಿಕೆಗೆ ಒಂದು ಎಳೆ ಚಿಕಿತ್ಸೆಯಲ್ಲೇ ಸಿಗುತ್ತದೆ. ಐಸೋನಿಯಜಿಡ್‌ನಿಂದ ದೇಹದ ಬಿ6 ಕಡಿಮೆಯಾಗಿ ಕಾಲು ಜುಮ್ಮೆನ್ನಬಹುದು, ಅಂಗಾಲು ಉರಿಯಬಹುದು. ಅದನ್ನು ತಡೆಯಲು ಪೈರಿಡಾಕ್ಸಿನ್ ಕೊಡುತ್ತಾರೆ. ವೈದ್ಯರು ಬರೆದುಕೊಟ್ಟ ಆ ಗುಳಿಗೆಯನ್ನು ಬಿಡಬಾರದು. ಆದರೆ ಅದು ಕಾಯುವುದು ನರಗಳನ್ನು, ಯಕೃತ್ತನ್ನಲ್ಲ. ವಿಟಮಿನ್ ಎ, ನಯಾಸಿನ್ ಅತಿಯಾದರಂತೂ ಅವೇ ಯಕೃತ್ತನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಮಿತಿಮೀರಿ ನುಂಗಿದವರ ಯಕೃತ್ತು ಉಳಿಸಲು ಆಸ್ಪತ್ರೆಯಲ್ಲಿ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಕೂಡ ವಿಟಮಿನ್ ಅಲ್ಲ.

ಟಾನಿಕ್‌ನ ದೊಡ್ಡ ಅಪಾಯವೆಂದರೆ ಅದು ಕೊಡುವ ಧೈರ್ಯ. ಯಕೃತ್ತು ಕೆಡತೊಡಗಿದಾಗ ಊಟ ಸೇರುವುದಿಲ್ಲ, ವಾಂತಿಯಾಗುತ್ತದೆ, ಮೂತ್ರ ಕಡುಹಳದಿಯಾಗುತ್ತದೆ. ‘ಟಾನಿಕ್ ನಡೆದೈತಲ್ಲ’ ಎಂದು ದಿನ ದೂಡುತ್ತಾರೆ. ಕಣ್ಣು ಹಳದಿಯಾದ ಮೇಲೆ ಕಾಮಣಿಗೆ ನಾಟಿ ಔಷಧ ಹುಡುಕಿ ಹೊರಟರೆ, ಇತ್ತ ಟಿಬಿ ಗುಳಿಗೆಯೂ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ. ಇಂಥ ಲಕ್ಷಣ ಕಂಡರೆ ಅಂದಿನ ಗುಳಿಗೆ ನುಂಗದೆ ನೇರ ಆಸ್ಪತ್ರೆಗೆ ಹೋಗಬೇಕು. ಲಕ್ಷಣಗಳ ಜೊತೆ, ರಕ್ತದಲ್ಲಿ ಯಕೃತ್ತಿನ ಹಾನಿ ತೋರಿಸುವ ಎಎಲ್‌ಟಿ ಕಿಣ್ವ ಸಹಜ ಮಿತಿಯ ಮೂರು ಪಟ್ಟು ದಾಟಿದ್ದರೆ, ಲಕ್ಷಣವಿಲ್ಲದೆಯೂ ಐದು ಪಟ್ಟು ದಾಟಿದ್ದರೆ ವೈದ್ಯರು ಈ ಔಷಧಗಳನ್ನು ನಿಲ್ಲಿಸುತ್ತಾರೆ. ಯಕೃತ್ತು ಸುಧಾರಿಸಿದ ಮೇಲೆ ಒಂದೊಂದಾಗಿ ಮತ್ತೆ ಕೊಡುತ್ತಾರೆ. ಆಸ್ಪತ್ರೆಗೂ ಹೋಗದೆ ಚಿಕಿತ್ಸೆಯನ್ನೇ ಕೈಬಿಟ್ಟರೆ ಕ್ಷಯ ಮರುಕಳಿಸಬಹುದು, ಔಷಧಕ್ಕೆ ಬಗ್ಗದಂತಾಗಲೂಬಹುದು.

ಅಪೌಷ್ಟಿಕತೆ, ಕುಡಿತ, ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಹೆಚ್ಚು. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿದೆ. ಅದು ಮೊಟ್ಟೆ, ಹಾಲು, ಬೇಳೆಕಾಳಿಗೆ ಬಂದ ಹಣ, ಔಷಧದಂಗಡಿಗೆ ಹರಿಯಬಾರದು. ಸರ್ಕಾರವೂ ಹಣ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಮೊದಲ ಗುಳಿಗೆಗೆ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲೇ ಯಕೃತ್ತಿನ ರಕ್ತಪರೀಕ್ಷೆ ಆಗಬೇಕು. ಹಾನಿ ಹೆಚ್ಚಾಗಿ ಕಾಣಿಸುವ ಮೊದಲ ಎರಡು ತಿಂಗಳು, ಅಪಾಯದ ಅಂಚಿನಲ್ಲಿರುವವರಿಗಾದರೂ ಅದನ್ನು ಮತ್ತೆ ಮಾಡಬೇಕು. ಮನೆಗೆ ಬರುವ ಆಶಾ ಕಾರ್ಯಕರ್ತೆ ಗುಳಿಗೆ ಎಣಿಸುವುದರ ಜೊತೆಗೆ ಮೂತ್ರದ ಬಣ್ಣವನ್ನೂ ಕೇಳಿ ಬರೆದುಕೊಳ್ಳುವಂತಾಗಲಿ.