ಸರದಿಯೂ ಸರಕಾಯಿತೆ?

ಸೇಡಂ, ಚಿಂಚೋಳಿಗಳಿಂದ ಮಕ್ಕಳು ಹೈದರಾಬಾದಿನ ವಂಡರ್‌ಲಾ ನೋಡಲು ಹೋಗುವುದುಂಟು. 2016ರಲ್ಲಿ ತೆರೆದ ಆ ವಿನೋದ ಉದ್ಯಾನದಲ್ಲಿ ಸಾಲುಗಳು ಎರಡು. ಮೊಬೈಲಿನಲ್ಲೇ ಹೆಚ್ಚು ಹಣ ತೆತ್ತು ‘ಫಾಸ್ಟ್‌ಟ್ರ್ಯಾಕ್’ ಟಿಕೀಟು ಕೊಂಡವನು ಮುಂದೆ. ಸಿಮೆಂಟ್ ಕಾರ್ಮಿಕನ ಮಗು ಹಿಂದೆ. ಒಬ್ಬನು ಮುಂದೆ ಹೋದಷ್ಟೂ ಉಳಿದವರು ಕಾಯುವ ಹೊತ್ತು ಬೆಳೆಯುತ್ತದೆ. ಅಂದರೆ ಅಲ್ಲಿ ಮಾರಾಟವಾಗುತ್ತಿರುವುದು ನಮ್ಮ ಮಕ್ಕಳ ಹೊತ್ತು!

ಇದು ಬರಿಯ ಆಟದ ಮಾತಲ್ಲ. 2014ರಲ್ಲಿ ರೈಲ್ವೆಯೂ ‘ಪ್ರೀಮಿಯಂ ತತ್ಕಾಲ್’ ತಂದಿತು. ಅಲ್ಲಿ ಬೇಡಿಕೆ ಏರಿದಂತೆ ದರವೂ ಏರುತ್ತದೆ. ವಾಡಿಯಲ್ಲಿ ರೈಲು ಹತ್ತುವ ಬಡವನ ಗತಿಯೇನು?

ಮೊಬೈಲು ನಮ್ಮ ವೈರಿಯಲ್ಲ. ಅದೇ ಯಂತ್ರ ಎಲ್ಲರಿಗೂ ಸರದಿಯ ನಂಬರು ಕೊಟ್ಟು ನೆರಳಲ್ಲಿ ಕೂರಿಸಬಲ್ಲದು. ವೃದ್ಧರು, ಅಂಗವಿಕಲರು ಮುಂದೆ ಹೋಗಲಿ. ದುಡ್ಡು ಹೋಗುವುದು ಬೇಡ. ಶಹಾಬಾದಿನ ಕಿರಾಣಿ ಅಂಗಡಿಯವನೂ ಮೊದಲು ಬಂದವನಿಗೇ ಮೊದಲು ತೂಗುತ್ತಾನೆ. ನಾವು ಕೇಳುವುದು ಆ ನ್ಯಾಯವನ್ನೇ.