ಮಂಜುಗಡ್ಡೆಯ ಮೇಲಿನ ಕೋಳಿ ಅಂಕ

ಕೋಳಿಯ ಕಾಲಿಗೆ ಕತ್ತಿ ಕಟ್ಟಿ ಕಾದಾಡಲು ಬಿಡುವುದು ಕೆನಡ ದೇಶದಲ್ಲಿ ಅಪರಾಧ. ಪ್ರಾಣಿಪಕ್ಷಿಗಳ ಕಾಳಗಕ್ಕೆ ಉತ್ತೇಜನ ಕೊಡುವವನನ್ನೂ ನೆರವಾಗುವವನನ್ನೂ ಅಲ್ಲಿನ ದಂಡಸಂಹಿತೆ ಅಪರಾಧಿಯೆಂದೇ ಎಣಿಸುತ್ತದೆ. ಅದೇ ದೇಶದಲ್ಲಿ ಇಬ್ಬರು ತರುಣರು ಕೈಗವಸು ಬಿಸಾಡಿ, ಒಬ್ಬರ ಅಂಗಿಯನ್ನೊಬ್ಬರು ಹಿಡಿದು, ಬರಿಯ ಮುಷ್ಟಿಯಿಂದ ಮುಖ ಜಜ್ಜಿಕೊಳ್ಳುತ್ತಾರೆ. ಸಾವಿರಾರು ಜನ ಎದ್ದು ನಿಂತು ಕೇಕೆ ಹಾಕುತ್ತಾರೆ. ತೀರ್ಪುಗಾರರು ಪಕ್ಕದಲ್ಲೇ ನಿಂತು ನೋಡುತ್ತಾರೆ. ಒಬ್ಬ ಕೆಳಗೆ ಬಿದ್ದ ಮೇಲೆ, ಇಲ್ಲವೆ ಇಬ್ಬರೂ ದಣಿದ ಮೇಲೆ ಬಿಡಿಸುತ್ತಾರೆ. ಶಿಕ್ಷೆ? ಐದು ನಿಮಿಷ ಬದಿಯ ಕಟಕಟೆಯಲ್ಲಿ ಕೂತು ಮತ್ತೆ ಆಟಕ್ಕೆ ಇಳಿಯುವುದು. ಹುಂಜಕ್ಕೆ ಇರುವ ರಕ್ಷಣೆ ಮನುಷ್ಯನಿಗೆ ಇಲ್ಲ!

ನಾವು ಹೇಳುತ್ತಿರುವುದು ಐಸ್ ಹಾಕಿಯ ಮಾತು. ಹುಲ್ಲಿನ ಮೈದಾನದ ಹಾಕಿಯಲ್ಲ. ಮಂಜುಗಡ್ಡೆಯ ಅಂಕಣದಲ್ಲಿ ಉಕ್ಕಿನ ಅಲಗಿನ ಸ್ಕೇಟು ತೊಟ್ಟು, ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆದು, ಕಡೆಗೆ ಆರಾರು ಜನ ಆಡುವ ಆಟ ಇದು. ವೇಗದಲ್ಲಿ, ಚಮತ್ಕಾರದಲ್ಲಿ ಇದಕ್ಕೆ ಸಾಟಿಯಾದ ಆಟಗಳು ಕಡಿಮೆ. ಅದನ್ನು ವ್ಯಾಪಾರವಾಗಿ ನಡೆಸುವ ದೊಡ್ಡ ಕೂಟಕ್ಕೆ ನ್ಯಾಷನಲ್ ಹಾಕಿ ಲೀಗ್ ಎಂದು ಹೆಸರು. 1917ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ ಈ ಕೂಟದಲ್ಲಿ ಈಗ 32 ತಂಡಗಳಿವೆ. ಕೆನಡದಲ್ಲಿ 7, ಅಮೆರಿಕದಲ್ಲಿ 25. ಒಂದೊಂದು ತಂಡಕ್ಕೂ ಕೋಟ್ಯಧೀಶ ಮಾಲೀಕರಿದ್ದಾರೆ.

ವಾಚಕರಲ್ಲಿ ಕೆಲವರು ಕೇಳಬಹುದು: ರಾಗಿಯ ಬೆಲೆ, ಕೂಲಿಯ ದರ, ಕೆರೆಯ ಹೂಳು ಇವನ್ನೆಲ್ಲ ಬಿಟ್ಟು ಕಾಣದ ದೇಶದ ಆಟದ ಗೊಡವೆ ಈ ಪತ್ರಿಕೆಗೇಕೆ? ಉತ್ತರ ಸರಳ. ಕೂಲಿಗಾಗಿ ಮೈ ಒಡ್ಡುವವನು ಯಾವ ದೇಶದವನಾದರೂ ನಮ್ಮವನೇ. ಅವನ ಮೈಯನ್ನು ಯಾರು, ಯಾವ ಲಾಭಕ್ಕಾಗಿ ಒಡೆಯುತ್ತಾರೆ ಎಂಬುದು ನಮ್ಮ ಪ್ರಶ್ನೆಯೇ.

ಶಿಕ್ಷೆಯೋ, ಪರವಾನಗಿಯೋ?

ಹೊಡೆದಾಟ ಈ ಆಟಕ್ಕೆ ಹುಟ್ಟಿನಿಂದ ಅಂಟಿದ ಗುಣವೆಂದು ಮಾಲೀಕರ ವಕೀಲರು ಹೇಳುತ್ತಾರೆ. ಇದು ಅರ್ಧ ಸತ್ಯ. ಆಟದ ಬಿಸಿಯಲ್ಲಿ ಮನುಷ್ಯರು ಕೈಮಿಲಾಯಿಸುವುದು ಎಲ್ಲ ಆಟಗಳಲ್ಲೂ ಉಂಟು. ಫುಟ್‌ಬಾಲಿನಲ್ಲಿ ಗುದ್ದಿದವನನ್ನು ಹೊರಗೆ ಅಟ್ಟುತ್ತಾರೆ. ಬಾಸ್ಕೆಟ್‌ಬಾಲಿನಲ್ಲಿಯೂ ಅಟ್ಟುತ್ತಾರೆ. ಈ ಲೀಗ್ ಮಾತ್ರ 1922ರಲ್ಲಿ ಒಂದು ನಿಯಮ ಬರೆದು, ಗುದ್ದಾಡಿದವನಿಗೆ ಐದು ನಿಮಿಷದ ಶಿಕ್ಷೆ ಸಾಕೆಂದು ಗೊತ್ತು ಮಾಡಿತು. ಇಬ್ಬರೂ ಹೊರಗೆ ಕೂರುವುದರಿಂದ ಎರಡು ತಂಡಗಳಿಗೂ ನಷ್ಟವಿಲ್ಲ. ನಷ್ಟವಿಲ್ಲದ ಶಿಕ್ಷೆ ಶಿಕ್ಷೆಯೆ? ಅದು ಪರವಾನಗಿ.

ಪರವಾನಗಿ ಸಿಕ್ಕಿದ ಮೇಲೆ ಅದಕ್ಕೊಂದು ಕಸುಬೂ ಹುಟ್ಟಿಕೊಂಡಿತು. ಗೋಲು ಹೊಡೆಯಲು ಅಲ್ಲ, ಗುದ್ದಲೆಂದೇ ಒಬ್ಬನನ್ನು ಸಂಬಳಕ್ಕೆ ಇಟ್ಟುಕೊಳ್ಳುವುದು. ಅವನನ್ನು ಎನ್‌ಫೋರ್ಸರ್ ಎನ್ನುತ್ತಾರೆ. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಧಣಿಯ ಮನೆಯ ದೊಣ್ಣೆನಾಯಕ. 1974 ಮತ್ತು 1975ರಲ್ಲಿ ಫಿಲಡೆಲ್ಫಿಯ ತಂಡ ಇಂಥವರ ಬಲದ ಹೆಸರಿನಲ್ಲೇ ಮೆರೆದು ಎರಡು ಸಲ ಸ್ಟಾನ್ಲಿ ಕಪ್ ಗೆದ್ದಿತು. ಆ ತಂಡದ ಡೇವ್ ಶುಲ್ಟ್ಸ್ ಒಂದೇ ಋತುವಿನಲ್ಲಿ 472 ನಿಮಿಷ ಶಿಕ್ಷೆಯ ಕಟಕಟೆಯಲ್ಲಿ ಕೂತ. ಅದು ಇಂದಿಗೂ ದಾಖಲೆ. ಉಳಿದ ಮಾಲೀಕರು ಅದರಿಂದ ಕಲಿತ ಪಾಠವೇನು? ಮುಷ್ಟಿ ಟಿಕೇಟು ಮಾರುತ್ತದೆ ಎಂಬುದು.

ಒಬ್ಬ ದೊಣ್ಣೆನಾಯಕನ ಕಥೆ

ಡೆರೆಕ್ ಬೂಗಾರ್ಡ್ ಕೆನಡದ ಗೋಧಿ ಬೆಳೆಯುವ ಸೀಮೆಯಾದ ಸಸ್ಕ್ಯಾಚವಾನ್ ಪ್ರಾಂತದವನು, ಪೊಲೀಸಿನವನ ಮಗ. ಆರೂವರೆ ಅಡಿಗೂ ಮಿಕ್ಕಿದ ಆಳು. ಹದಿಹರೆಯದಲ್ಲೇ ಅವನನ್ನು ಆರಿಸಿಕೊಂಡವರು ಅವನ ಸ್ಕೇಟಿಂಗ್ ನೋಡಿ ಆರಿಸಲಿಲ್ಲ, ಅವನ ತೋಳು ನೋಡಿ ಆರಿಸಿದರು. ದೊಡ್ಡ ಲೀಗಿನಲ್ಲಿ ಅವನು 277 ಪಂದ್ಯ ಆಡಿದ. ಹೊಡೆದ ಗೋಲು ಎಷ್ಟು? ಮೂರು. ಅವನ ಕೆಲಸ ಬೇರೆಯೇ ಆಗಿತ್ತು. ಕೈ ಮುರಿದರೆ, ಬೆನ್ನು ನೊಂದರೆ ನೋವಿನ ಮಾತ್ರೆ. ಮಾತ್ರೆಯೇ ಕೊನೆಗೆ ಚಟವಾಯಿತು. 2010ರ ಡಿಸೆಂಬರಿನಲ್ಲಿ ಒಂದು ಗುದ್ದಾಟದಲ್ಲಿ ತಲೆಗೆ ಪೆಟ್ಟು ತಿಂದವನು ಮತ್ತೆ ಆಡಲಿಲ್ಲ. 2011ರ ಮೇ 13ರಂದು, 28ನೆಯ ವಯಸ್ಸಿನಲ್ಲಿ, ಮದ್ಯ ಮತ್ತು ನೋವಿನ ಮಾತ್ರೆ ಎರಡೂ ಸೇರಿ ಅವನ ಪ್ರಾಣ ಹೋಯಿತು.

ಮನೆಯವರು ಅವನ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ವೈದ್ಯರಿಗೆ ಕೊಟ್ಟರು. ಮತ್ತೆ ಮತ್ತೆ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿ.ಟಿ.ಇ. ಎಂಬ ರೋಗ ಅದರಲ್ಲಿತ್ತು. ಈ ರೋಗ ಮಿದುಳನ್ನು ಒಳಗಿನಿಂದ ಗೆದ್ದಲಿನಂತೆ ತಿನ್ನುತ್ತದೆ. ನೆನಪು, ತಾಳ್ಮೆ, ಬುದ್ಧಿಯ ಹತೋಟಿ ಒಂದೊಂದಾಗಿ ಕಳಚುತ್ತವೆ. ಬದುಕಿರುವಾಗ ಇದನ್ನು ಖಚಿತವಾಗಿ ಪತ್ತೆ ಮಾಡುವ ಉಪಾಯ ಇನ್ನೂ ಇಲ್ಲ. 45ನೆಯ ವಯಸ್ಸಿನಲ್ಲಿ 2010ರಲ್ಲಿ ತೀರಿಕೊಂಡ ಬಾಬ್ ಪ್ರೋಬರ್ಟ್, ತನ್ನ ಕಾಲದ ಹೆಸರಾಂತ ಗುದ್ದಾಳು, ಅವನ ಮಿದುಳಿನಲ್ಲಿಯೂ ಇದೇ ಇತ್ತು. ಒಂದೊಂದು ಸಾವಿಗೂ ಒಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಕೊಲಂಬಿಯ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತು ಕೇಳಿ: ತೀರಿಕೊಂಡ ಎನ್‌ಫೋರ್ಸರುಗಳು ತಮ್ಮ ಸರಿಸಮಾನ ಆಟಗಾರರಿಗಿಂತ ಸರಾಸರಿ ಹತ್ತು ವರ್ಷ ಮುಂಚೆ ಸತ್ತಿದ್ದಾರೆ; ಅವರಲ್ಲಿ ಆತ್ಮಹತ್ಯೆ, ಮಾದಕ ವಸ್ತು, ನರರೋಗದ ಸಾವುಗಳು ಹೆಚ್ಚು.

ಹತ್ತು ವರ್ಷ! ಐದು ನಿಮಿಷದ ಶಿಕ್ಷೆಯನ್ನು ಕೂಡಿಸುತ್ತಾ ಹೋದರೆ ಮೊತ್ತ ಇಷ್ಟಾಗುತ್ತದೆ.

ಮಾಲೀಕರು ಏನು ಮಾಡಿದರು? 2013ರಲ್ಲಿ ಮಾಜಿ ಆಟಗಾರರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ, ಮುನ್ನೂರು ಚಿಲ್ಲರೆ ಜನರೊಂದಿಗೆ, ತಪ್ಪು ಒಪ್ಪಿಕೊಳ್ಳದೆ ರಾಜಿಯಾಯಿತು. ಕೋಟ್ಯಧೀಶರ ಕೂಟಕ್ಕೆ ಇದೊಂದು ಹೊರೆಯೆ? 1993ರಿಂದ ಲೀಗಿನ ಕಮಿಷನರ್ ಆಗಿರುವ ಗ್ಯಾರಿ ಬೆಟ್‌ಮನ್ 2019ರ ಮೇ ತಿಂಗಳಲ್ಲಿ ಕೆನಡದ ಪಾರ್ಲಿಮೆಂಟಿನ ಉಪಸಮಿತಿಯ ಮುಂದೆ, ಹಾಕಿಗೂ ಈ ರೋಗಕ್ಕೂ ಸಂಬಂಧ ನಿರ್ಣಾಯಕವಾಗಿ ಸಿದ್ಧವಾಗಿಲ್ಲವೆಂದು ವಾದಿಸಿದರು. ಪದೇ ಪದೇ ಬೀಳುವ ಪೆಟ್ಟು ಈ ರೋಗಕ್ಕೆ ಒಂದು ಕಾರಣವೆಂದು ಅಮೆರಿಕ ಸರ್ಕಾರದ ನರರೋಗ ಸಂಶೋಧನ ಸಂಸ್ಥೆಯೇ 2022ರಲ್ಲಿ ಹೇಳಿತು. ಹೊಗೆಸೊಪ್ಪಿನ ಕಂಪೆನಿಗಳೂ ಹಿಂದೆ ಹೀಗೆಯೇ ಪುರಾವೆ ಸಾಲದು ಎನ್ನುತ್ತಿದ್ದವು. ಲಾಭ ನಿಂತಿರುವ ಕಡೆ ಪುರಾವೆ ಎಂದಾದರೂ ಸಾಕಾದುದುಂಟೆ?

ಅವರ ವಾದಗಳು

ಮೊದಲನೆಯ ವಾದ: ಗುದ್ದಾಟವಿಲ್ಲದಿದ್ದರೆ ಕೋಲಿನಿಂದ ಹೊಡೆದುಕೊಳ್ಳುತ್ತಾರೆ, ದೊಣ್ಣೆನಾಯಕನ ಭಯದಿಂದಲೇ ಒಳ್ಳೆಯ ಆಟಗಾರರು ಸುರಕ್ಷಿತ. ಹಾಗಾದರೆ 2004ರ ಮಾರ್ಚ್ 8ರಂದು ವ್ಯಾಂಕೂವರಿನಲ್ಲಿ ನಡೆದುದೇನು? ಕೊಲೊರಾಡೊ ತಂಡದ ಸ್ಟೀವ್ ಮೂರ್ ಹಿಂದಿನ ಪಂದ್ಯವೊಂದರಲ್ಲಿ ವ್ಯಾಂಕೂವರಿನ ನಾಯಕನಿಗೆ ಡಿಕ್ಕಿ ಹೊಡೆದಿದ್ದ. ಅಂದಿನ ಆಟದ ಮೊದಲ ಭಾಗದಲ್ಲೇ ಅವನು ಗುದ್ದಾಡಿ ಅವರ ಪದ್ಧತಿಯಂತೆ ಲೆಕ್ಕ ತೀರಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೂರನೆಯ ಭಾಗದಲ್ಲಿ ಟಾಡ್ ಬರ್ಟುಸಿ ಹಿಂದಿನಿಂದ ಬಂದು ಗುದ್ದಿ ಕೆಡವಿದ. ಮೂರನ ಕುತ್ತಿಗೆಯ ಎಲುಬುಗಳು ಮುರಿದವು. ಅವನು ಮತ್ತೆಂದೂ ದೊಡ್ಡ ಲೀಗಿನಲ್ಲಿ ಆಡಲಿಲ್ಲ. ಬರ್ಟುಸಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಮುಷ್ಟಿಯ ನ್ಯಾಯ ಸೇಡನ್ನು ತಣಿಸಲಿಲ್ಲ, ಬೆಳೆಸಿತು. ಊರಿನಲ್ಲಿ ವ್ಯಾಜ್ಯ ಕಂಡ ಯಾರಿಗಾದರೂ ಇದು ಹೊಸ ಮಾತಲ್ಲ.

ಒಲಿಂಪಿಕ್ಸಿನಲ್ಲಿ, ಅಮೆರಿಕದ ಕಾಲೇಜುಗಳ ಪಂದ್ಯಗಳಲ್ಲಿ ಗುದ್ದಾಡಿದವನು ಹೊರಗೆ ಹೋಗಬೇಕು. ಅಲ್ಲಿ ಕೋಲುಗಳ ಕುರುಕ್ಷೇತ್ರ ನಡೆದಿದೆಯೆ? ಇಲ್ಲ. ಇನ್ನೊಂದು ಸಂಗತಿ: ಇದೇ ಲೀಗಿನಲ್ಲಿ ಕಪ್ಪಿನ ಕೊನೆಯ ಪಂದ್ಯಗಳು ಬಂದಾಗ ಗುದ್ದಾಟ ತಾನಾಗಿ ಇಳಿಯುತ್ತದೆ. 2025ರ ಫೆಬ್ರವರಿ 15ರಂದು ಮಾಂಟ್ರಿಯಲಿನಲ್ಲಿ ಅಮೆರಿಕ ಕೆನಡ ತಂಡಗಳು ಎದುರಾದಾಗ ಮೊದಲ ಒಂಬತ್ತು ಸೆಕೆಂಡಿನಲ್ಲಿ ಮೂರು ಗುದ್ದಾಟಗಳಾದವು. ಐದು ದಿನಗಳ ಮೇಲೆ ಬಾಸ್ಟನ್ನಿನಲ್ಲಿ ಅದೇ ಎರಡು ತಂಡಗಳು ಅಂತಿಮ ಪಂದ್ಯ ಆಡಿದಾಗ ಒಂದೂ ಇಲ್ಲ! ಗುದ್ದಾಟ ಆಟಗಾರರ ರಕ್ಷಾಕವಚವಾಗಿದ್ದರೆ ಅತ್ಯಂತ ಮುಖ್ಯವಾದ ದಿನ ಅದನ್ನು ಕಳಚಿಡುವುದುಂಟೆ? ಗೆಲ್ಲಲೇಬೇಕಾದಾಗ ಬೇಡವಾಗುವ ವಸ್ತು ಆಟದ ಅಂಗವಲ್ಲ, ತಮಾಷೆಯ ಅಂಗ.

ಎರಡನೆಯ ವಾದ: ಜನ ಬಯಸುತ್ತಾರೆ. ಜನ ಹಿಂದೆ ನೇಣುಗಂಬವನ್ನು ನೋಡಲೂ ಜಾತ್ರೆಯಂತೆ ಸೇರುತ್ತಿದ್ದರು. ಅದು ಹಾಗಿರಲಿ. 2008-09ರ ಋತುವಿನಲ್ಲಿ ಲೀಗಿನಲ್ಲಿ 700ಕ್ಕೂ ಮಿಕ್ಕಿ ಗುದ್ದಾಟಗಳಾದವು. ಈಚಿನ ವರ್ಷಗಳಲ್ಲಿ ಅದರ ಅರ್ಧದಷ್ಟೂ ಇಲ್ಲ. ಅದಕ್ಕಾಗಿ ಕ್ರೀಡಾಂಗಣಗಳು ಹಾಳು ಸುರಿದಿಲ್ಲ. ಆಟ ಇನ್ನಷ್ಟು ಚುರುಕಾಗಿದೆ. ತಾನಾಗಿ ಕಡಿಮೆಯಾಗುತ್ತಿದೆಯಲ್ಲ, ನಿಷೇಧವೇಕೆ ಎನ್ನುವವರಿಗೆ ನಮ್ಮ ಮರುಪ್ರಶ್ನೆ: ಉಳಿದ ಅರ್ಧದಲ್ಲಿ ಬೀಳುವ ಪೆಟ್ಟು ಅರ್ಧ ನೋಯುತ್ತದೆಯೆ? 2009ರ ಜನವರಿಯಲ್ಲಿ ಒಂಟಾರಿಯೋ ಪ್ರಾಂತದ 21 ವರ್ಷದ ಹವ್ಯಾಸಿ ಆಟಗಾರನೊಬ್ಬ, ಗುದ್ದಾಟದಲ್ಲಿ ಶಿರಸ್ತ್ರಾಣ ಕಳಚಿ ತಲೆ ಮಂಜುಗಡ್ಡೆಗೆ ಬಡಿದು, ವಾರಗಳ ಕಾಲ ಪ್ರಜ್ಞೆಯಿಲ್ಲದೆ ಮಲಗಿ ಸತ್ತ. ಒಂದೇ ಗುದ್ದಾಟ ಸಾಕಾಯಿತು.

ಮೂರನೆಯ ವಾದ ಗಟ್ಟಿಯಾದುದು. ಅದನ್ನು ಹಾರಿಸಿ ಹೋಗುವುದು ಪ್ರಾಮಾಣಿಕತೆಯಲ್ಲ. ಆಟಗಾರರೇ ಒಪ್ಪಿದ್ದಾರೆ, ಕೇಳಿದಾಗಲೆಲ್ಲ ಬಹುಮಂದಿ ಗುದ್ದಾಟ ಇರಲಿ ಎಂದೇ ಹೇಳಿದ್ದಾರೆ. ಬೂಗಾರ್ಡನಿಗೆ ನ್ಯೂಯಾರ್ಕ್ ತಂಡ ನಾಲ್ಕು ವರ್ಷಕ್ಕೆ 65 ಲಕ್ಷ ಡಾಲರ್ ಒಪ್ಪಿತ್ತು. ಇವರನ್ನು ಕೂಲಿಕಾರರೆಂದು ಮರುಗುವುದೇಕೆ ಎಂಬುದು ಆ ವಾದ. ಗಣಿಗೆ ಇಳಿಯುವವನೂ ಒಪ್ಪಿಯೇ ಇಳಿಯುತ್ತಾನೆ, ಸ್ವಾಮಿ. ಮಣ್ಣು ಕುಸಿದರೆ ಅವನು ಒಪ್ಪಿದ್ದನೆಂದು ಮಾಲೀಕನನ್ನು ಬಿಟ್ಟುಬಿಡುತ್ತೇವೆಯೆ? ಲಕ್ಷ ಡಾಲರಿನ ಮೆಟ್ಟಿಲು ತಲಪುವವನು ನೂರಕ್ಕೆ ಒಬ್ಬನೋ ಇಬ್ಬನೋ. ಉಳಿದವರು ಕೆಳಗಿನ ಲೀಗುಗಳಲ್ಲಿ ವಾರದ ಸಂಬಳಕ್ಕೆ, ಮೇಲಿನಿಂದ ಕರೆ ಬಂದೀತೆಂಬ ಆಸೆಗೆ ಹಲ್ಲು ಮುರಿಸಿಕೊಳ್ಳುತ್ತಾರೆ. ಒಬ್ಬ ಬೇಡವೆಂದರೆ ಅವನ ಜಾಗಕ್ಕೆ ಹತ್ತು ಜನ ಕಾದಿದ್ದಾರೆ. ಹತ್ತು ಜನ ಬಾಗಿಲಲ್ಲಿ ಕಾದಿರುವಾಗ ಒಳಗಿರುವವನು ಕೊಡುವ ಒಪ್ಪಿಗೆಗೆ ನಾವು ಸ್ವಾತಂತ್ರ್ಯವೆಂಬ ಹೆಸರು ಕೊಡಲಾರೆವು.

ಮಾಲೀಕರು ಅಂಜುವ ಮುಷ್ಟಿ

ಈಗ ಟೆಡ್ ಲಿಂಡ್ಸೆಯ ಚರಿತ್ರೆಗೆ ಬರೋಣ. ಡೆಟ್ರಾಯ್ಟ್ ತಂಡಕ್ಕೆ ನಾಲ್ಕು ಕಪ್ ಗೆದ್ದುಕೊಟ್ಟವನು. ಆಳು ಗಿಡ್ಡ, ಸ್ವಭಾವ ಬೆಂಕಿ. ಮುಖದ ತುಂಬ ಹೊಲಿಗೆ. ಗುದ್ದಾಟದಲ್ಲಿ ಹಿಂಜರಿಯದ ಅವನನ್ನು ಭಯಂಕರ ಟೆಡ್ ಎಂದು ಕೊಂಡಾಡಿದರು. ಎದುರಾಳಿ ಆಟಗಾರರನ್ನು ಗುದ್ದಿದಷ್ಟು ದಿನ ಮಾಲೀಕರಿಗೆ ಅವನು ಮುದ್ದಿನ ಮಗ.

1957ರ ಫೆಬ್ರವರಿಯಲ್ಲಿ ಅವನು ಬೇರೊಂದು ಕೆಲಸ ಮಾಡಿದ. ಅಂಕಣದಲ್ಲಿ ತಾನು ಕಾದಾಡುತ್ತಿದ್ದ ಮಾಂಟ್ರಿಯಲಿನ ಡಗ್ ಹಾರ್ವಿ ಮೊದಲಾದ ಎದುರಾಳಿಗಳನ್ನೇ ಕೂಡಿಸಿಕೊಂಡು ಆಟಗಾರರ ಸಂಘ ಕಟ್ಟಿದ. ನಮ್ಮ ಪಿಂಚಣಿ ನಿಧಿಯ ಲೆಕ್ಕ ತೋರಿಸಿ, ಟೆಲಿವಿಷನ್ನಿನ ಆದಾಯದಲ್ಲಿ ನಮಗೂ ಪಾಲು ಕೊಡಿ ಎಂದು ಕೇಳಿದ. ಅದು ಅವನ ಜೀವನದಲ್ಲೇ ಅತ್ಯುತ್ತಮ ಆಟದ ವರ್ಷ. ಆ ಬೇಸಗೆಯಲ್ಲೇ ಅವನನ್ನು ಸಂತೆಯ ದನದಂತೆ ಶಿಕಾಗೋ ತಂಡಕ್ಕೆ ಸಾಗಹಾಕಿದರು. ಮರುವರ್ಷ ಸಂಘ ಮುರಿದುಬಿತ್ತು. ಮತ್ತೆ ಸಂಘ ಏಳಲು 1967 ಬರಬೇಕಾಯಿತು.

ವಾಚಕರೆ, ಎರಡು ಶಿಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಜೊತೆಯ ಕೆಲಸಗಾರನ ದವಡೆ ಮುರಿದರೆ ಐದು ನಿಮಿಷ. ಜೊತೆಯ ಕೆಲಸಗಾರನ ಕೈ ಹಿಡಿದು ಲೆಕ್ಕ ಕೇಳಿದರೆ ಗಡೀಪಾರು. ಆಟದ ನೀತಿನಿಯಮಗಳ ಗುಟ್ಟೆಲ್ಲ ಇಲ್ಲಿದೆ. ಆಳುಗಳು ತಮ್ಮತಮ್ಮಲ್ಲೇ ಬಡಿದಾಡುತ್ತಿರುವವರೆಗೆ ಧಣಿಯ ಕಣಜಕ್ಕೆ ಭಯವಿಲ್ಲ.

ಆಗಬೇಕಾದುದು

ದಾರಿ ಇಲ್ಲವೆಂದಲ್ಲ. 2023ರಲ್ಲಿ ಕ್ವಿಬೆಕ್ ಮತ್ತು ಕೆನಡದ ಪೂರ್ವದ ಕಡಲ ಪ್ರಾಂತಗಳ ಕಿರಿಯರ ಲೀಗ್, ಅಲ್ಲಿನ ಸರ್ಕಾರ ಒತ್ತಾಯಿಸಿದ ಮೇಲೆ, ಗುದ್ದಾಡಿದವನನ್ನು ಆಟದಿಂದ ಹೊರಗೆ ಹಾಕುವ ನಿಯಮ ತಂದಿತು. ಆಕಾಶ ಕಳಚಿ ಬೀಳಲಿಲ್ಲ. ದೊಡ್ಡವರ ಲೀಗಿನಲ್ಲೂ ಅದೇ ಆಗಬೇಕು: ಗುದ್ದಾಡಿದವನು ಅಂದಿನ ಆಟದಿಂದ ಹೊರಕ್ಕೆ, ಮತ್ತೆ ಮಾಡಿದರೆ ಮುಂದಿನ ಪಂದ್ಯಗಳಿಂದಲೂ ಹೊರಕ್ಕೆ. ಆದರೆ ಆಟಗಾರನೊಬ್ಬನನ್ನೇ ದಂಡಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗುದ್ದಲೆಂದೇ ಆಳನ್ನು ಇಟ್ಟುಕೊಂಡ ತಂಡ ದಂಡ ತೆರಬೇಕು. ಈವರೆಗೆ ಪೆಟ್ಟು ತಿಂದವರ ಔಷಧೋಪಚಾರವನ್ನು, ಅವರು ಬದುಕಿರುವವರೆಗೆ, ಮಾಲೀಕರ ಖರ್ಚಿನಲ್ಲಿ ನಡೆಸಬೇಕು. ಹದಿನಾರರ ಹುಡುಗರನ್ನು ತೋಳು ನೋಡಿ ಆರಿಸುವುದು ನಿಲ್ಲಬೇಕು. ಇದನ್ನು ಕೇಳಬೇಕಾದವರು ಮೊದಲು ಆಟಗಾರರ ಸಂಘದವರು. ತಮ್ಮ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿಗೆ 2010ರಲ್ಲಿ ಟೆಡ್ ಲಿಂಡ್ಸೆಯ ಹೆಸರಿಟ್ಟವರು ಅವರು. ಹೆಸರಿಟ್ಟರೆ ಸಾಲದು. ಅವನು 1957ರಲ್ಲಿ ಮಾಲೀಕರನ್ನು ಕೇಳಿದಂತೆ ಕೇಳಬೇಕು, ಎಲ್ಲ ತಂಡದವರೂ ಒಟ್ಟಾಗಿ.