ಬೊಕ್ಕಸದ ಹಣ, ಶಾಂತಿಯ ಕೆಲಸ

ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ ‘ಸಂಧಿವಿಗ್ರಹಿ’ ಎಂಬ ಅಧಿಕಾರಿಯ ಪರಿಚಯ ಇದ್ದೇ ಇರುತ್ತದೆ. ಸಂಧಿ ಎಂದರೆ ಒಪ್ಪಂದ, ವಿಗ್ರಹ ಎಂದರೆ ಯುದ್ಧ. ಎರಡೂ ಒಬ್ಬನದೇ ಹೊಣೆ. ಆ ರಾಜನೀತಿಯಲ್ಲಿ ಶಾಂತಿಯು ಯುದ್ಧಕ್ಕೆ ಎದುರಾಗಿ ನಿಂತ ಮೌಲ್ಯವಲ್ಲ, ಅರಸನ ಕೈಯಲ್ಲಿದ್ದ ಉಪಾಯಗಳಲ್ಲಿ ಒಂದು. ಯಾವ ಕಾಲಕ್ಕೆ ಯಾವುದನ್ನು ಹೂಡಬೇಕೆಂಬುದು ಅರಸನ ಲಾಭನಷ್ಟದ ಲೆಕ್ಕಕ್ಕೆ ಸೇರಿದ ಸಂಗತಿ. ಆಧುನಿಕ ರಾಷ್ಟ್ರಗಳ ವಿದೇಶಾಂಗ ಖಾತೆಗಳೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆದಿವೆ. ಹೀಗಿರುವಾಗ ಒಂದು ರಾಜ್ಯವು ತನ್ನದೇ ಬೊಕ್ಕಸದಿಂದ ಹಣ ಕೊಟ್ಟು, ಅಂದಂದಿನ ಪ್ರಭುವಿನ ಲೆಕ್ಕಕ್ಕೆ ಒಳಪಡದ ಶಾಂತಿಸಂಸ್ಥೆಯೊಂದನ್ನು ನಡೆಸಬಲ್ಲುದೆ? ಅಮೆರಿಕದ ‘ಯುನೈಟೆಡ್ ಸ್ಟೇಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಪೀಸ್’ ಎಂಬ ಸಂಸ್ಥೆಯ ನಾಲ್ಕು ದಶಕಗಳ ಚರಿತ್ರೆ ಈ ಪ್ರಶ್ನೆಯ ಸುತ್ತಲೇ ಹೆಣೆದುಕೊಂಡಿದೆ. ಅದರ ಏಳುಬೀಳುಗಳನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಶಾಂತಿಯ ಕೆಲಸಕ್ಕೆ ಅಪಾಯ ಬರುವುದು ಸಾರ್ವಜನಿಕ ಹಣದಿಂದಲ್ಲ, ಸಾರ್ವಜನಿಕ ಹಣವನ್ನು ಪ್ರಭುವಿನ ಹಣವೆಂದು ಭಾವಿಸುವುದರಿಂದ.

ಈ ಕಲ್ಪನೆಯ ಬೇರು ಆ ದೇಶದ ಆರಂಭದ ದಿನಗಳಷ್ಟು ಹಳೆಯದು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ವೈದ್ಯ ಬೆಂಜಮಿನ್ ರಶ್, ಯುದ್ಧಖಾತೆಯೊಂದು ಇರುವ ದೇಶಕ್ಕೆ ಶಾಂತಿಯ ಕಾರ್ಯಾಲಯವೂ ಬೇಕೆಂದು ವಾದಿಸಿ ಒಂದು ಪ್ರಬಂಧ ಬರೆದನು. ಕರಿಯ ಗಣಿತಜ್ಞ ಬೆಂಜಮಿನ್ ಬ್ಯಾನಕರ್ ಹೊರಡಿಸುತ್ತಿದ್ದ ಪಂಚಾಂಗದ 1793ರ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಲೇಖಕನ ಹೆಸರಿಲ್ಲದ ಕಾರಣ ಬಹುಕಾಲ ಅದನ್ನು ಬ್ಯಾನಕರನ ಬರಹವೆಂದೇ ನಂಬಲಾಗಿತ್ತು. ಕರ್ತೃತ್ವದ ಈ ಗೊಂದಲ ಸಂಶೋಧಕರಿಗೆ ಸ್ವಾರಸ್ಯದ್ದು. ಆದರೆ ಪ್ರಬಂಧದ ಆಶಯ ಒಂದೂವರೆ ಶತಮಾನ ಪಂಚಾಂಗದ ಪುಟಗಳಲ್ಲಿಯೇ ಉಳಿಯಿತೆಂಬುದು ಅದಕ್ಕಿಂತ ದೊಡ್ಡ ಸಂಗತಿ. 1945ರಲ್ಲಿ ಜೆನಿಂಗ್ಸ್ ರಾಂಡೋಲ್ಫ್ ಶಾಂತಿಖಾತೆಯ ಮಸೂದೆಯನ್ನು ಮಂಡಿಸಿದರು. 1976ರಲ್ಲಿ ಸೆನೆಟರ್‌ಗಳಾದ ವ್ಯಾನ್ಸ್ ಹಾರ್ಟ್ಕಿ ಮತ್ತು ಮಾರ್ಕ್ ಹ್ಯಾಟ್‌ಫೀಲ್ಡ್ ಶಾಂತಿ ಅಕಾಡೆಮಿಯ ಪ್ರಸ್ತಾವ ತಂದರು. ಹವಾಯಿಯ ಸೆನೆಟರ್ ಸ್ಪಾರ್ಕ್ ಮಾತ್ಸುನಾಗಾ ಅಧ್ಯಕ್ಷರಾಗಿದ್ದ ಆಯೋಗ 1981ರಲ್ಲಿ ವರದಿ ನೀಡಿತು.

ಈ ಕೊನೆಯ ಇಬ್ಬರ ಹಿನ್ನೆಲೆಯನ್ನು ಗಮನಿಸಬೇಕು. ಜಪಾನಿ ವಂಶದ ಮಾತ್ಸುನಾಗಾ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಾಗಿ ಇಟಲಿಯಲ್ಲಿ ಹೋರಾಡಿ ಗಾಯಗೊಂಡವರು. ಹ್ಯಾಟ್‌ಫೀಲ್ಡ್ ನೌಕಾದಳದ ಅಧಿಕಾರಿಯಾಗಿ ಇವೋ ಜಿಮಾ, ಒಕಿನಾವಾಗಳ ಕಾಳಗವನ್ನು ಕಂಡು, ಬಾಂಬ್ ಬಿದ್ದ ಕೆಲವೇ ವಾರಗಳಲ್ಲಿ ಹಿರೋಶಿಮಾದ ನೆಲದಲ್ಲಿ ಓಡಾಡಿದವರು. ಶಾಂತಿಸಂಸ್ಥೆಯ ಕನಸು ಯುದ್ಧವನ್ನರಿಯದ ಸಾಧುಗಳ ಹಗಲುಗನಸು ಎಂಬ ಆಕ್ಷೇಪಕ್ಕೆ ಈ ಇಬ್ಬರ ಬದುಕೇ ಉತ್ತರ.

1984ರ ಅಕ್ಟೋಬರಿನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿಯೊಂದಿಗೆ ಸಂಸ್ಥೆ ಹುಟ್ಟಿತು. ಹುಟ್ಟಿದ್ದು ಮಾತ್ರ ರಕ್ಷಣಾ ಇಲಾಖೆಯ ವಾರ್ಷಿಕ ಕಾಯಿದೆಯ ಒಂದು ಭಾಗವಾಗಿ. ಪದವಿ ನೀಡುವ ಅಕಾಡೆಮಿಯನ್ನು ಆಯೋಗ ಕೇಳಿತ್ತು. ದೊರೆತದ್ದು ಸಂಶೋಧನೆ, ತರಬೇತಿ, ಸಂಧಾನಗಳಿಗಷ್ಟೇ ಅಧಿಕಾರವುಳ್ಳ ಸಂಸ್ಥೆ. ಯುದ್ಧದ ಕಾಯಿದೆಯ ಮಡಿಲಲ್ಲಿ ಹುಟ್ಟಿದ ಈ ಕೂಸನ್ನು ಅಧಿಕಾರದ ಹಿಡಿತದಿಂದ ದೂರವಿರಿಸಲು ಶಾಸನಕರ್ತರು ಕೆಲವು ಕಟ್ಟುಪಾಡುಗಳನ್ನು ರೂಪಿಸಿದರು. ಆಡಳಿತ ಮಂಡಳಿಯಲ್ಲಿ 15 ಸದಸ್ಯರು. ಅವರಲ್ಲಿ 12 ಮಂದಿಯನ್ನು ಅಧ್ಯಕ್ಷರು ನಾಮಕರಣ ಮಾಡಿದರೂ ಸೆನೆಟ್ ಒಪ್ಪಬೇಕು. ಒಂದೇ ಪಕ್ಷದವರು 8ಕ್ಕಿಂತ ಹೆಚ್ಚಿರಕೂಡದು. ಖಾಸಗಿ ದೇಣಿಗೆಯಿಂದ ಕಾರ್ಯಕ್ರಮ ನಡೆಸಕೂಡದು. ಮುಂದೆ ಕಟ್ಟಡ ನಿರ್ಮಾಣಕ್ಕೆ ಮಾತ್ರ ವಿನಾಯಿತಿ ದೊರೆಯಿತು. ಧನಿಕರ ಹಣ ಬಂದರೆ ಧನಿಕರ ಶಾಂತಿ ಬರುತ್ತದೆಂಬ ಎಚ್ಚರ ಈ ನಿಯಮದಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಸಂಸ್ಥೆಗೆ ದೊರೆಯುತ್ತಿದ್ದ ಅನುದಾನ ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್. ಆ ದೇಶದ ಸೈನ್ಯ ಕೊಳ್ಳುವ ಒಂದು ಎಫ್-35 ಯುದ್ಧವಿಮಾನದ ಬೆಲೆ ಇದಕ್ಕಿಂತ ಹೆಚ್ಚು.

ಈ ಹಣದಿಂದ ಆದದ್ದೇನು? ಇರಾಕಿನ ಎರಡು ಪ್ರಸಂಗಗಳು ಸಂಸ್ಥೆಯ ಕಾರ್ಯವಿಧಾನವನ್ನು ತಿಳಿಸುತ್ತವೆ. ಬಾಗ್ದಾದಿನ ದಕ್ಷಿಣಕ್ಕಿರುವ ಮಹಮೂದಿಯಾ ಪ್ರದೇಶವನ್ನು ಆಕ್ರಮಣಾನಂತರದ ವರ್ಷಗಳಲ್ಲಿ ಸೈನಿಕರು ‘ಸಾವಿನ ತ್ರಿಕೋನ’ವೆಂದು ಕರೆಯುತ್ತಿದ್ದರು. ಸುನ್ನಿ ಮತ್ತು ಷಿಯಾ ಬುಡಕಟ್ಟುಗಳ ಮುಖಂಡರನ್ನು ಒಂದೆಡೆ ಕೂರಿಸಿ 2007ರ ಅಕ್ಟೋಬರಿನಲ್ಲಿ ಒಪ್ಪಂದವೊಂದಕ್ಕೆ ತರುವುದರಲ್ಲಿ ಸಂಸ್ಥೆಯೂ ಅದು ತರಬೇತಿ ನೀಡಿದ್ದ ಇರಾಕಿ ಸಂಧಾನಕಾರರೂ ಮುಖ್ಯ ಪಾತ್ರ ವಹಿಸಿದರು. ಆಮೇಲೆ ಅಲ್ಲಿ ಹಿಂಸೆ ಇಳಿಯಿತು. ಆ ಕಾಲಕ್ಕೆ ಸೈನ್ಯದ ಸಂಖ್ಯೆ ಹೆಚ್ಚಿದ್ದೂ, ಬುಡಕಟ್ಟುಗಳು ಅಲ್‌ಖೈದಾದ ವಿರುದ್ಧ ತಿರುಗಿದ್ದೂ ಇದಕ್ಕೆ ಕಾರಣವೆಂಬುದನ್ನು ಮರೆಯಬಾರದು. ಇಳಿದ ಹಿಂಸೆ ಮತ್ತೆ ಏರದಂತೆ ಹಿಡಿದಿಡಲು ಒಂದು ಒಡಂಬಡಿಕೆ ಬೇಕಿತ್ತೆಂಬುದೂ ಅಷ್ಟೇ ನಿಜ.

ಎರಡನೆಯ ಪ್ರಸಂಗ ತಿಕ್ರಿತ್ ನಗರದ್ದು. 2014ರ ಜೂನ್‌ನಲ್ಲಿ ಅದರ ಬಳಿಯ ಸ್ಪೈಕರ್ ಶಿಬಿರದಿಂದ ಹೊರಬಂದ ಸುಮಾರು 1,700 ತರುಣ ಸೈನಿಕರನ್ನು, ಬಹುತೇಕ ಷಿಯಾಗಳನ್ನು, ಐಸಿಸ್ ಉಗ್ರರು ಕೊಂದರು. ಮಕ್ಕಳನ್ನು ಕಳೆದುಕೊಂಡ ದಕ್ಷಿಣ ಇರಾಕಿನ ಬುಡಕಟ್ಟುಗಳು, ತಿಕ್ರಿತ್‌ನ ಸುನ್ನಿ ಬುಡಕಟ್ಟುಗಳೂ ಈ ಕೊಲೆಯಲ್ಲಿ ಪಾಲುಗೊಂಡವೆಂದು ನಂಬಿದವು. 2015ರಲ್ಲಿ ನಗರ ಮರಳಿ ವಶವಾದಾಗ, ಊರು ಬಿಟ್ಟಿದ್ದ ಸಾವಿರಾರು ಕುಟುಂಬಗಳು ಹಿಂದಿರುಗಲು ಹೆದರಿದವು; ಕಾದಿದ್ದುದು ಸೇಡು. ಆಗ ಸಂಸ್ಥೆಯೂ ಅದರ ಇರಾಕಿ ಸಹವರ್ತಿಗಳಾದ ‘ಸನದ್’ ಬಳಗದವರೂ ಎರಡೂ ಕಡೆಯ ಮುಖಂಡರ ನಡುವೆ ಮಾತುಕತೆ ನಡೆಸಿದರು. ಆ ಮಾತುಕತೆಯ ತಿರುಳು ಒಂದು ವಿಂಗಡಣೆ: ಕೊಂದವನು ಬೇರೆ, ಅವನು ಹುಟ್ಟಿದ ಕುಲ ಬೇರೆ. ಅಪರಾಧಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಗಲಿ, ಕುಲದ ಮೇಲೆ ಹಗೆ ಸಾಧಿಸುವುದು ಬೇಡ ಎಂಬಲ್ಲಿಗೆ ಎರಡೂ ಕಡೆಯವರು ಬಂದರು, ಕುಟುಂಬಗಳು ಮರಳತೊಡಗಿದವು.

ಸಾಹಿತ್ಯದ ವಿದ್ಯಾರ್ಥಿಗಳು ಈ ವಿಂಗಡಣೆಯ ಮೇಲೆ ಕ್ಷಣಕಾಲ ನಿಲ್ಲಬೇಕು. ಹಗೆ ಬೆಳೆಯುವುದು ಭಾಷೆಯಲ್ಲಿ: ‘ಅವನು ಕೊಂದ’ ಎಂಬುದು ‘ಅವರು ಕೊಂದರು’ ಎಂದಾಗುವಲ್ಲಿ, ಏಕವಚನ ಬಹುವಚನವಾಗುವಲ್ಲಿ. ಸಂಧಾನಕಾರನು ಬಹುವಚನವನ್ನು ಮತ್ತೆ ಏಕವಚನಕ್ಕೆ ತರುತ್ತಾನೆ. ಈ ಕೆಲಸ ರಾಜಧಾನಿಯಿಂದ ಬಂದ ರಾಯಭಾರಿಯ ಒಂದು ಭಾಷಣದಿಂದ ಆಗದು. ಆಯಾ ಊರಿನ ಮಾತು, ಗೌರವದ ರೀತಿ, ಹಳೆಯ ನೋವುಗಳನ್ನು ಬಲ್ಲವರು ವರ್ಷಗಟ್ಟಲೆ ಜೊತೆಗಿದ್ದು ಮಾಡುವ ಕೆಲಸ ಅದು. ಮಹಮೂದಿಯಾಕ್ಕೂ ತಿಕ್ರಿತ್‌ಗೂ ನಡುವೆ ಏಳೆಂಟು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರ ಬದಲಾಯಿತು, ಸೈನ್ಯ ಇರಾಕನ್ನು ಬಿಟ್ಟು ಹೋಯಿತು, ಮತ್ತೆ ಬಂತು. ಸಂಧಾನಕಾರರ ನಂಟು ಕಡಿಯಲಿಲ್ಲ. ದೂರವನ್ನು ಕಾಪಾಡುವ ಕಾಯಿದೆಯ ಫಲ ಇದು.

ಸಂಶೋಧಕರ ಪಾಲಿಗೆ ಸಂಸ್ಥೆಯ ಇನ್ನೊಂದು ಕೊಡುಗೆಯಿದೆ. ಸರ್ವಾಧಿಕಾರ ಅಳಿದ ಮೇಲೆ ನಾಡೊಂದು ತನ್ನ ಹಿಂದಿನ ಕ್ರೌರ್ಯವನ್ನು ಹೇಗೆ ಎದುರಿಸಬೇಕೆಂಬ ವಿಷಯದಲ್ಲಿ ನೀಲ್ ಕ್ರಿಟ್ಜ್ ಸಂಪಾದಿಸಿ 1995ರಲ್ಲಿ ಪ್ರಕಟವಾದ ಮೂರು ಸಂಪುಟಗಳು ಆ ಅಧ್ಯಯನಕ್ಷೇತ್ರಕ್ಕೆ ತಳಹದಿಯಾದವು. ನಾನಾ ದೇಶಗಳ ಸತ್ಯಶೋಧನಾ ಆಯೋಗಗಳ ದಾಖಲೆಗಳನ್ನೂ ಸಂಸ್ಥೆ ಕಲೆಹಾಕಿತು. ಇವು ಮಾರುಕಟ್ಟೆ ಬೆಳೆಸುವ ಗ್ರಂಥಗಳಲ್ಲ. ಸಾರ್ವಜನಿಕ ಹಣವಿಲ್ಲದೆ ಇಂಥ ಕೆಲಸ ನಡೆಯುವುದು ಕಷ್ಟ.

ಸಂಸ್ಥೆಯ ಮೇಲಿನ ಆಕ್ಷೇಪಗಳು ಹಗುರವಾದವಲ್ಲ. ಇರಾಕಿನ ಗಾಯಕ್ಕೆ ಮದ್ದು ಹಚ್ಚಿದ ರಾಜ್ಯವೇ 2003ರಲ್ಲಿ ಆ ಗಾಯವನ್ನು ಮಾಡಿತ್ತು. ಅಂಥ ರಾಜ್ಯದ ಹಣದಿಂದ ನಡೆಯುವ ಶಾಂತಿಸಂಸ್ಥೆ ಸಾಮ್ರಾಜ್ಯದ ಮೃದುವಾದ ಕೈ ಮಾತ್ರವೆಂದು ಎಡಪಂಥೀಯ ವಿಮರ್ಶಕರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಅದೇ ವರ್ಷ ಅಧ್ಯಕ್ಷ ಬುಷ್, ಸೆನೆಟ್ಟಿನ ವಿರೋಧವಿದ್ದರೂ ಅದರ ಬಿಡುವಿನ ವೇಳೆಯಲ್ಲಿ ಡೇನಿಯಲ್ ಪೈಪ್ಸ್ ಅವರನ್ನು ಮಂಡಳಿಗೆ ನೇಮಿಸಿದಾಗ ಈ ಸಂಶಯ ಬಲಗೊಂಡಿತು. ಎದುರು ಪಕ್ಷದವರಿಗೆ ಸಂಸ್ಥೆ ದುಂದುವೆಚ್ಚವಾಗಿ ಕಂಡಿತು. 2011ರಲ್ಲಿ ಪ್ರತಿನಿಧಿ ಸಭೆ ಅನುದಾನವನ್ನೇ ರದ್ದುಮಾಡಲು ಮತ ನೀಡಿತು, ಸೆನೆಟ್ ಉಳಿಸಿತು. ಮೊದಲನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಯುದ್ಧ ಹೂಡಬೇಡವೆಂದು ತನ್ನ ಸರ್ಕಾರಕ್ಕೆ ಹೇಳುವ ಬಲ ಸಂಸ್ಥೆಗೆ ಎಂದೂ ಇರಲಿಲ್ಲ. ಆದರೆ ಗಾಯ ಮಾಡಿದವನು ಮದ್ದಿಗೆ ಹಣ ಕೊಡಬಾರದೆಂಬುದು ತರ್ಕವಲ್ಲ. ಕೊಡುವುದು ಅವನ ಋಣ. ಕೇಳಬೇಕಾದ ಪ್ರಶ್ನೆ, ಮದ್ದನ್ನು ಹಚ್ಚುವವನು ಯಾರ ಮಾತು ಕೇಳುತ್ತಾನೆಂಬುದು.

2025ರಲ್ಲಿ ಈ ಪ್ರಶ್ನೆಯೇ ನ್ಯಾಯಾಲಯದ ಮೆಟ್ಟಿಲೇರಿತು. ಫೆಬ್ರವರಿಯಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಸಂಸ್ಥೆಯನ್ನು ಕಾಯಿದೆ ಅನುಮತಿಸುವ ಕನಿಷ್ಠ ಮಟ್ಟಕ್ಕೆ ಇಳಿಸುವಂತೆ ಆದೇಶಿಸಿದರು. ಮಾರ್ಚಿಯಲ್ಲಿ ಮಂಡಳಿಯ ಸದಸ್ಯರನ್ನು ತೆಗೆದುಹಾಕಲಾಯಿತು. ಸಂಸ್ಥೆಯ ಮುಖ್ಯಸ್ಥ ಜಾರ್ಜ್ ಮೂಸ್ ಹೊರದೂಡಲ್ಪಟ್ಟರು. ಪೊಲೀಸರ ನೆರವಿನಿಂದ ಕಟ್ಟಡ ಹೊಸಬರ ವಶವಾಯಿತು. ಬಹುತೇಕ ಸಿಬ್ಬಂದಿ ಕೆಲಸ ಕಳೆದುಕೊಂಡರು. ಮೇ ತಿಂಗಳಲ್ಲಿ ನ್ಯಾಯಾಧೀಶೆ ಬೆರಿಲ್ ಹಾವೆಲ್ ಈ ಕ್ರಮ ಕಾನೂನುಬಾಹಿರವೆಂದರು. ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ವಾದದ ಗಂಟು ಇದ್ದದ್ದು ಒಂದೇ ಕಡೆ: ಸಂಸ್ಥೆ ನಡೆಸುವುದು ಕಾರ್ಯಾಂಗದ ಅಧಿಕಾರವನ್ನೋ, ಅಲ್ಲವೋ? ಹೌದಾದರೆ ಚುನಾಯಿತ ಅಧ್ಯಕ್ಷನ ಇಚ್ಛೆಗೆ ಅದು ಒಳಪಡಬೇಕೆಂಬ ವಾದಕ್ಕೆ ತೂಕವಿದೆ. ಜನ ಆರಿಸಿದವನಿಗೆ ಉತ್ತರ ಹೇಳದ ಸಂಸ್ಥೆಗಳು ಪ್ರಜಾಪ್ರಭುತ್ವಕ್ಕೆ ತೊಡಕೆಂಬುದು ಕಡೆಗಣಿಸತಕ್ಕ ಮಾತಲ್ಲ. ಆದರೆ ಕಾಯಿದೆ ಮಾಡಿದ ಕಾಂಗ್ರೆಸ್ ಕೂಡ ಜನರೇ ಆರಿಸಿದ್ದು. ಹಣ ಕೊಡುವವರು ಪ್ರಜೆಗಳು, ಕೊಡಿಸುವುದು ಕಾಂಗ್ರೆಸ್. ಇಬ್ಬರ ಇಚ್ಛೆಯನ್ನೂ ಒಬ್ಬನ ಇಚ್ಛೆಯಲ್ಲಿ ಕರಗಿಸಿಬಿಟ್ಟರೆ, ಶಾಂತಿಯ ಕೆಲಸ ಮತ್ತೆ ಸಂಧಿವಿಗ್ರಹಿಯ ಕೈಗೆ ಮರಳಿದಂತೆಯೇ.

ಮರಳಿದಾಗ ಏನಾಗುತ್ತದೆಂಬುದಕ್ಕೆ ನಿದರ್ಶನವೂ ಆ ವರ್ಷವೇ ದೊರೆಯಿತು. ಡಿಸೆಂಬರ್ ಆರಂಭದಲ್ಲಿ, ಲಿಂಕನ್ ಸ್ಮಾರಕದ ಬಳಿ ಮೋಶೆ ಸಫ್ದಿ ವಿನ್ಯಾಸಗೊಳಿಸಿದ ಸಂಸ್ಥೆಯ ಕಟ್ಟಡದ ಮೇಲೆ ಅಧ್ಯಕ್ಷರ ಹೆಸರು ಮೂಡಿತು. ಮರುದಿನ ಅದೇ ಕಟ್ಟಡದಲ್ಲಿ ಕಾಂಗೋ ಮತ್ತು ರುವಾಂಡಾ ಅಧ್ಯಕ್ಷರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಕೆಲವೇ ದಿನಗಳಲ್ಲಿ ಪೂರ್ವ ಕಾಂಗೋದ ಉವಿರಾ ನಗರ ಎಂ23 ಬಂಡುಕೋರರ ಕೈಸೇರಿತು. ಒಪ್ಪಂದ ವ್ಯರ್ಥವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಸಹಿಗೂ ತನ್ನ ಸ್ಥಾನವಿದೆ. ಸಹಿಯ ಮೊದಲೂ ಅನಂತರವೂ ಊರೂರಿನಲ್ಲಿ ಕುಳಿತು ಬಹುವಚನವನ್ನು ಏಕವಚನಕ್ಕೆ ಇಳಿಸುವವರು ಬೇಕು. ಕಟ್ಟಡ ಉಳಿದು ಅಂಥವರು ಚದುರಿಹೋದರೆ ಉಳಿಯುವುದು ಸಭಾಂಗಣ ಮಾತ್ರ.

ಹಾಗಾದರೆ ರಾಜ್ಯವು ಶಾಂತಿಸಂಸ್ಥೆಗೆ ಹಣ ಕೊಡುವುದೇ ತಪ್ಪೆ? ಸ್ವೀಡನ್ ಸಂಸತ್ತು 1966ರಲ್ಲಿ ಸ್ಥಾಪಿಸಿದ ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸ್ವತಂತ್ರ ಪ್ರತಿಷ್ಠಾನವಾಗಿ ನಿಂತು, ಸರ್ಕಾರದ ಅನುದಾನ ಪಡೆಯುತ್ತಲೇ ಜಗತ್ತಿನ ಶಸ್ತ್ರವ್ಯಾಪಾರದ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತಿದೆ; ಶಸ್ತ್ರ ಮಾರುವ ದೇಶಗಳಲ್ಲಿ ಸ್ವೀಡನ್ನೂ ಒಂದು. ಹಣವೇ ದೋಷವಲ್ಲವೆಂಬುದಕ್ಕೆ ಇದು ಸಾಕು. ಅಮೆರಿಕದ ಅನುಭವ ಕಲಿಸುವ ಪಾಠಗಳು ಮೂರು. ಅನುದಾನ ವರ್ಷ ವರ್ಷದ ಕೃಪೆಯಾಗಿರಬಾರದು. ದಾಖಲೆಗಳು ಒಂದೇ ಕಟ್ಟಡದ ಬೀಗದೊಳಗೆ ಇರಬಾರದು. ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಪ್ರತಿಗಳನ್ನು ಕಾಪಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸಂಧಾನದ ವಿದ್ಯೆ ಕಲಹವಿರುವ ನಾಡಿನವರ ಕೈಗೇ ದಾಟಬೇಕು. ವಾಷಿಂಗ್ಟನ್ನಿನ ಬಾಗಿಲಿಗೆ ಯಾರ ಹೆಸರಿದ್ದರೂ, ಕುಲದಿಂದ ಕೊಲೆಗಾರನನ್ನು ಬೇರ್ಪಡಿಸಿ ನೋಡಲು ಕಲಿತ ಇರಾಕಿಗರಿಂದ ಆ ವಿದ್ಯೆಯನ್ನು ಯಾವ ಆದೇಶವೂ ಹಿಂಪಡೆಯಲಾರದು.